ಬಿಡುವುದು ಬೇರೆ, ಕೀಳುವುದು ಬೇರೆ

ಕಂದಮೂಲಗಳನ್ನು ತಿನ್ನಬಾರದೆಂಬ ಮಾತು ನಮ್ಮ ಮನೆಗಳ ಮಕ್ಕಳಿಗೆ ಅಕ್ಷರಾಭ್ಯಾಸಕ್ಕಿಂತಲೂ ಮೊದಲೇ ತಿಳಿದಿರುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ, ಮೂಲಂಗಿ, ಗಜ್ಜರಿ, ಹಸಿಶುಂಠಿ ಎಂದು ಮಗ್ಗಿಯಂತೆ ಒಪ್ಪಿಸುವ ಬಾಲಕರನ್ನು ನಮ್ಮ ಪಾಠಶಾಲೆಗಳಲ್ಲಿ ಕಾಣಬಹುದು. ಇದು ಸಂತೋಷದ ಸಂಗತಿಯೇ. ಆದರೆ ಮಗ್ಗಿಯನ್ನು ಒಪ್ಪಿಸಬಲ್ಲವನು ಲೆಕ್ಕವನ್ನೂ ಬಲ್ಲನೆಂದು ಹೇಳಲು ಬಾರದು. ಮಗ್ಗಿಯಲ್ಲಿಲ್ಲದ ಲೆಕ್ಕವು ಎದುರಾದಾಗಲೇ ವಿದ್ಯಾರ್ಥಿಯ ತಿಳಿವಳಿಕೆ ಗೊತ್ತಾಗುವುದು. ಹಾಗೆಯೇ, ಪಟ್ಟಿಯಲ್ಲಿಲ್ಲದ ಒಂದು ಬೇರು ನಮ್ಮ ಹಿತ್ತಿಲಿನಲ್ಲಿಯೇ ಕಾಣಿಸಿಕೊಂಡಾಗ, ನಮ್ಮ ತ್ಯಾಗವು ತಿಳಿದು ಮಾಡಿದುದೋ ಕೇವಲ ರೂಢಿಯಿಂದ ನಡೆದು ಬಂದುದೋ ಎಂಬುದು ಹೊರಬೀಳುತ್ತದೆ.

ಅಂಥ ಒಂದು ಪ್ರಸಂಗವು ಈಗ ವಿಚಾರಕ್ಕೆ ಬಂದಿದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನೆಲೆಸಿರುವ ಮಗನ ಮನೆಯಲ್ಲಿ ಕೆಲಕಾಲ ಇದ್ದು ಬಂದ ಶ್ರಾವಿಕೆಯೊಬ್ಬರು ಮೂರು ಪ್ರಶ್ನೆಗಳನ್ನು ಬರೆದು ಕಳುಹಿಸಿದ್ದಾರೆ. ಮಗನು ಕೊಂಡ ಮನೆಯ ಹಿತ್ತಿಲಿನಲ್ಲಿ ಹಿಂದಿನ ಒಡೆಯರು ನೆಟ್ಟು ಬೆಳೆಸಿದ ಹಾರ್ಸ್‌ರಾಡಿಷ್ ಎಂಬ ಗಿಡಗಳ ಪಾತಿಯೊಂದಿದೆ. ಅದರ ಬೇರನ್ನು ತುರಿದು ವ್ಯಂಜನವಾಗಿ ಬಳಸುವುದು ಆ ದೇಶದ ರೂಢಿ. ನೆರೆಮನೆಯಲ್ಲಿ ಒಂಟಿಯಾಗಿ ವಾಸಿಸುವ ಯೆಹೂದ್ಯ ವೃದ್ಧೆಯೊಬ್ಬರು ತಮ್ಮ ಹಬ್ಬಕ್ಕಾಗಿ ಪ್ರತಿ ವಸಂತದಲ್ಲಿಯೂ ಈ ಪಾತಿಯಿಂದ ಒಂದು ಬೇರನ್ನು ಅಗೆದುಕೊಳ್ಳುತ್ತಿದ್ದರು. ಈಗ ಅವರಿಗೆ ಗುದ್ದಲಿ ಹಿಡಿಯುವ ಶಕ್ತಿಯಿಲ್ಲ. ಅಗೆದು ಕೊಡುವಿರಾ ಎಂದು ಮನೆಯವರನ್ನು ಕೇಳಿದ್ದಾರೆ. ಶ್ರಾವಿಕೆಯ ಪ್ರಶ್ನೆಗಳು ಇವು: ಊಟದ ಬದಿಯಲ್ಲಿ ಚಿಟಿಕೆಯಷ್ಟು ಮಾತ್ರ ಬಳಸುವ ಈ ಬೇರನ್ನು ಮಕ್ಕಳು ತಿಂದರೆ ದೋಷವೇ? ಮನೆಯಲ್ಲಿ ಅಭಕ್ಷ್ಯದ ಪಾತಿಯೇ ಬೇಡವೆಂದು ಅದನ್ನು ಪೂರ್ತಿಯಾಗಿ ಕಿತ್ತು ಹಾಕಬೇಕೇ? ನೆರೆಯ ವೃದ್ಧೆಗೆ ಅಗೆದು ಕೊಟ್ಟರೆ ವ್ರತಕ್ಕೆ ಭಂಗವೇ?

ಈ ಮೂರು ಪ್ರಶ್ನೆಗಳಿಗೆ ಉತ್ತರ ಹೇಳುವುದಕ್ಕೆ ಮೊದಲು ಆ ಸಸ್ಯದ ಪರಿಚಯವು ಅವಶ್ಯ. ಜ್ಞಾನವು ಮೊದಲು, ದಯೆಯು ಅನಂತರ ಎಂಬುದು ನಮ್ಮ ಪರಂಪರೆಯ ಕ್ರಮ. ಯಾವ ಜೀವವು ಎಲ್ಲಿದೆ, ಹೇಗೆ ಬದುಕುತ್ತದೆ ಎಂಬುದನ್ನು ಅರಿಯದವನು ಅದನ್ನು ರಕ್ಷಿಸುವುದು ಹೇಗೆ?

ಹಾರ್ಸ್‌ರಾಡಿಷ್ ಎಂದರೆ ಮಾತಿನ ಪ್ರಕಾರ ಕುದುರೆಮೂಲಂಗಿ. ಒರಟಾದುದಕ್ಕೂ ದೊಡ್ಡದಕ್ಕೂ 'ಕುದುರೆ' ಎಂಬ ವಿಶೇಷಣವನ್ನು ಹಚ್ಚುವುದು ಇಂಗ್ಲಿಷರ ವಾಡಿಕೆ. ಇದು ಸಾಸಿವೆಯ ಕುಲಕ್ಕೆ ಸೇರಿದ ಬಹುವಾರ್ಷಿಕ ಸಸ್ಯ. ನಮ್ಮ ಮೂಲಂಗಿಯೂ ಅದೇ ಕುಲದ್ದು, ಆದರೆ ಎರಡೂ ಬೇರೆಬೇರೆ ಗಿಡಗಳು. ಯೂರೋಪಿನ ಆಗ್ನೇಯ ಭಾಗವೂ ಏಷ್ಯದ ಪಶ್ಚಿಮ ಭಾಗವೂ ಇದರ ಮೂಲನೆಲೆ. ಚಳಿಗಾಲದಲ್ಲಿ ನೆಲವು ಹೆಪ್ಪುಗಟ್ಟುವಂಥ ಶೀತದೇಶಗಳೇ ಇದಕ್ಕೆ ಹಿತ. 1597ರಲ್ಲಿ ಪ್ರಕಟವಾದ ತನ್ನ ಸಸ್ಯಗ್ರಂಥದಲ್ಲಿ ಜಾನ್ ಜೆರಾರ್ಡ್ ಎಂಬ ಇಂಗ್ಲಿಷ್ ಪಂಡಿತನು, ಜರ್ಮನರು ಇದನ್ನು ಅರೆದು ವಿನಿಗರ್ ಬೆರೆಸಿ ಮೀನುಮಾಂಸಗಳೊಡನೆ ನಂಜಿಕೊಳ್ಳುತ್ತಾರೆಂದು ಹೇಳಿದ್ದಾನೆ. 19ನೆಯ ಶತಮಾನದಲ್ಲಿ ಜರ್ಮನ್ ವಲಸಿಗರು ಇದನ್ನು ಇಲಿನಾಯ್ ರಾಜ್ಯದ ಮಿಸಿಸಿಪ್ಪಿ ನದಿಯ ಬಯಲಿನಲ್ಲಿ ಬೆಳೆಯತೊಡಗಿದರು. ಅಮೆರಿಕದ ಬೆಳೆಯಲ್ಲಿ ದೊಡ್ಡ ಪಾಲು ಅಲ್ಲಿಯದೇ. ಆ ಸೀಮೆಯ ಕಾಲಿನ್ಸ್‌ವಿಲ್ ಎಂಬ ಊರಿನಲ್ಲಿ 1988ರಲ್ಲಿ ಈ ಬೇರಿನ ಹೆಸರಿನ ಉತ್ಸವವೇ ಆರಂಭವಾಯಿತು.

ಇದರ ಕೃಷಿಯ ಕ್ರಮವು ಗಮನಾರ್ಹವಾದುದು. ಈ ಗಿಡವು ಬಿಳಿಯ ಹೂಗಳನ್ನು ಬಿಡುತ್ತದೆಯಾದರೂ ಮೊಳೆಯುವ ಬೀಜವನ್ನು ಕೊಡುವುದು ಬಹಳ ಅಪರೂಪ. ಆದುದರಿಂದ ಬೇರಿನ ತುಂಡುಗಳನ್ನೇ ನೆಟ್ಟು ಬೆಳೆಸುತ್ತಾರೆ. ಶರತ್ಕಾಲದ ಕೊಯ್ಲಿನಲ್ಲಿ ದೊಡ್ಡ ಬೇರಿನ ಪಕ್ಕದಲ್ಲಿ ಸಿಕ್ಕುವ, ಸೀಸದ ಕಡ್ಡಿಯಷ್ಟು ದಪ್ಪದ ಬೇರುಗಳನ್ನು 20ರಿಂದ 30 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಒದ್ದೆಯಾದ ಮರಳಿನಲ್ಲಿ ಚಳಿಗಾಲವೆಲ್ಲ ಕಾಪಿಡುತ್ತಾರೆ. ಮೇಲಿನ ತುದಿ ಯಾವುದೆಂದು ಮರೆಯದಿರಲೆಂದು ಮೇಲ್ತುದಿಯನ್ನು ನೇರವಾಗಿಯೂ ಕೆಳತುದಿಯನ್ನು ಓರೆಯಾಗಿಯೂ ಕತ್ತರಿಸುವ ಪದ್ಧತಿಯುಂಟು. ವಸಂತದ ಮೊದಲಲ್ಲಿ ಆಳವಾಗಿ ಸಡಿಲಿಸಿದ ಮಣ್ಣಿನಲ್ಲಿ ಅವನ್ನು ಓರೆಯಾಗಿ ನೆಡುತ್ತಾರೆ. ಬೇರು ಕವಲೊಡೆಯದೆ ದಪ್ಪವಾಗಲೆಂದು ಬೇಸಿಗೆಯಲ್ಲಿ ಒಂದೆರಡು ಸಲ ಬುಡದ ಮಣ್ಣನ್ನು ಸರಿಸಿ, ಪಕ್ಕದ ಎಳೆಬೇರುಗಳನ್ನು ಉಜ್ಜಿ ತೆಗೆದು, ಮತ್ತೆ ಮಣ್ಣು ಮುಚ್ಚುತ್ತಾರೆ. ಹಿಮ ಬಿದ್ದು ಎಲೆಗಳು ಬಾಡಿದ ಮೇಲೆ ಅಗೆಯುತ್ತಾರೆ. ಇಲ್ಲವೇ ಚಳಿಗಾಲ ಕಳೆದು ಹೊಸ ಚಿಗುರು ಹೊರಡುವ ಮುನ್ನ ಅಗೆಯುತ್ತಾರೆ. ಎಷ್ಟು ಎಚ್ಚರದಿಂದ ಅಗೆದರೂ ಬೇರಿನ ಚೂರುಗಳು ನೆಲದಲ್ಲಿ ಉಳಿಯುತ್ತವೆ. ಉಳಿದ ಚೂರುಗಳು ಮರುವರ್ಷ ಚಿಗುರುತ್ತವೆ. ಒಮ್ಮೆ ನೆಟ್ಟ ಹಿತ್ತಿಲಿನಿಂದ ಇದನ್ನು ಇಲ್ಲವಾಗಿಸುವುದು ಬಹು ಕಷ್ಟವೆಂದು ಅಲ್ಲಿಯ ತೋಟಗಾರರೆಲ್ಲರೂ ಬಲ್ಲರು.

ಅಡಿಗೆಯ ಕ್ರಮವೂ ವಿಚಾರಾರ್ಹವಾಗಿದೆ. ಅಗೆದ ಬೇರನ್ನು ತೊಳೆದು ಸಿಪ್ಪೆ ಹೆರೆದು ತುರಿಯುತ್ತಾರೆ. ಇಡಿಯಾದ ಬೇರಿಗೆ ವಾಸನೆಯೇ ಇಲ್ಲವೆನ್ನಬಹುದು. ತುರಿದ ಕ್ಷಣದಲ್ಲಿ ಮಾತ್ರ ಕಣ್ಣುಮೂಗುಗಳಲ್ಲಿ ನೀರಿಳಿಯುವಂಥ ಘಾಟು ಏಳುತ್ತದೆ. ಕಿಟಕಿಗಳನ್ನು ತೆರೆದು, ಇಲ್ಲವೇ ಹೊರಗೆ ಕುಳಿತು ತುರಿಯುವುದು ಅದಕ್ಕಾಗಿಯೇ. ಇದರ ಕಾರಣವನ್ನು ರಸಾಯನಶಾಸ್ತ್ರವು ತಿಳಿಸಿದೆ. ಬೇರಿನಲ್ಲಿ ಸಿನಿಗ್ರಿನ್ ಎಂಬ ದ್ರವ್ಯವೂ ಮೈರೋಸಿನೇಸ್ ಎಂಬ ಕಿಣ್ವವೂ ಪ್ರತ್ಯೇಕವಾದ ಕೋಶಗಳಲ್ಲಿ ಇರುತ್ತವೆ. ಗಾಯವಾಗಿ ಕೋಶಗಳು ಒಡೆದಾಗ ಎರಡೂ ಬೆರೆತು ಖಾರವಾದ ಎಣ್ಣೆಯೊಂದು ಹುಟ್ಟುತ್ತದೆ. ಕಡಿಯಲು ಬಂದ ಹುಳುವನ್ನೂ ಪ್ರಾಣಿಯನ್ನೂ ಹಿಮ್ಮೆಟ್ಟಿಸಲು ಆ ಕುಲದ ಸಸ್ಯಗಳಿಗೆ ಪ್ರಕೃತಿಯು ಕೊಟ್ಟ ಸಾಧನವದು. ವಿನಿಗರನ್ನು ಸುರಿದರೆ ಆ ಕ್ರಿಯೆ ನಿಲ್ಲುತ್ತದೆ. ತುರಿದ ಕೂಡಲೆ ಸುರಿದರೆ ಖಾರ ಕಡಿಮೆ. ಎರಡು ಮೂರು ನಿಮಿಷ ಕಾದು ಸುರಿದರೆ ಖಾರ ಹೆಚ್ಚು. ಬೇಯಿಸಿದರೆ ಖಾರವು ಹಾರಿಹೋಗುತ್ತದೆ. ಹೀಗಾಗಿ ಇದನ್ನು ಸಾಮಾನ್ಯವಾಗಿ ಹಸಿಯಾಗಿಯೇ ತಿನ್ನುತ್ತಾರೆ. ಮುಚ್ಚಿದ ಜಾಡಿಯಲ್ಲಿ, ತಂಪಿನಲ್ಲಿ ಕೆಲವು ವಾರ ಇಡುತ್ತಾರೆ.

ಇಲ್ಲಿ ಒಂದು ಮಾತನ್ನು ಮನಸ್ಸಿಟ್ಟು ನೋಡಬೇಕು. ಮಾವಿನ ಸಿಹಿಯು ಕುಯ್ಯುವುದಕ್ಕೆ ಮೊದಲೇ ಹಣ್ಣಿನಲ್ಲಿ ತುಂಬಿರುತ್ತದೆ. ಮರವು ಅದನ್ನು ತಾನಾಗಿಯೇ ಉದುರಿಸುತ್ತದೆ. ಈ ಬೇರಿನ ಖಾರವಾದರೋ ಗಾಯಕ್ಕೆ ಮೊದಲು ಇರಲೇ ಇಲ್ಲ. ಏಕೇಂದ್ರಿಯ ಜೀವಕ್ಕೆ ಸ್ಪರ್ಶನೇಂದ್ರಿಯ, ಕಾಯಬಲ, ಶ್ವಾಸೋಚ್ಛ್ವಾಸ, ಆಯುಸ್ಸು ಎಂಬ ನಾಲ್ಕು ಪ್ರಾಣಗಳುಂಟೆಂದು ನಾವು ಕಲಿತಿದ್ದೇವೆ. ನಾಲಿಗೆಯು ರುಚಿಯೆಂದು ಕರೆಯುವುದು ಇಲ್ಲಿ ಆ ಜೀವವು ಗಾಯಕ್ಕೆ ಕೊಟ್ಟ ಪ್ರತ್ಯುತ್ತರವೇ ಆಗಿದೆ.

ಇನ್ನು ಶಾಸ್ತ್ರದೃಷ್ಟಿ. ಶ್ರವಣಬೆಳಗೊಳದಲ್ಲಿ ಬಾಹುಬಲಿಸ್ವಾಮಿಯ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ಕಾಲದಲ್ಲಿ, ಎಂದರೆ 10ನೆಯ ಶತಮಾನದಲ್ಲಿ, ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರವನ್ನು ರಚಿಸಿದರು. ಕೇಶವವರ್ಣಿಯು 1359ರಲ್ಲಿ ಅದಕ್ಕೆ ಕನ್ನಡದಲ್ಲಿಯೇ ವೃತ್ತಿಯನ್ನು ಬರೆದುದು ನಮ್ಮ ನಾಡಿನ ಭಾಗ್ಯ. ಅದರ ಜೀವಕಾಂಡದಲ್ಲಿ ವನಸ್ಪತಿಗಳನ್ನು ಅವು ಹುಟ್ಟುವ ಬಗೆಯಿಂದ ವಿಂಗಡಿಸಲಾಗಿದೆ: ಬೇರೇ ಬೀಜವಾಗಿರುವವು, ತುದಿಯೇ ಬೀಜವಾಗಿರುವವು, ಗಿಣ್ಣೇ ಬೀಜವಾಗಿರುವವು, ಗೆಡ್ಡೆಯೇ ಬೀಜವಾಗಿರುವವು, ಹೀಗೆ. ಒಂದೇ ಶರೀರವನ್ನು ಅನಂತ ಜೀವಗಳು ಆಶ್ರಯಿಸಿರುವ ವನಸ್ಪತಿಯ ಲಕ್ಷಣಗಳನ್ನೂ ಅಲ್ಲಿ ಹೇಳಿದೆ: ನರ, ಸಂದು, ಗಿಣ್ಣುಗಳು ಕಾಣದಿರುವುದು; ಮುರಿದರೆ ಸಮನಾಗಿ ಮುರಿಯುವುದು; ಮುರಿದಾಗ ನಾರು ಉಳಿಯದಿರುವುದು; ಕತ್ತರಿಸಿದರೂ ಮತ್ತೆ ಬೆಳೆಯುವುದು. ಹಾರ್ಸ್‌ರಾಡಿಷಿನ ಬಲಿತ ಬೇರು ನಾರುನಾರಾಗುವುದರಿಂದ ಸಮಭಂಗವೆಂಬ ಲಕ್ಷಣವು ಅದರಲ್ಲಿ ಕಾಣದಿರಬಹುದು. ಆದರೆ ಕಡೆಯ ಲಕ್ಷಣಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನವನ್ನು ಹುಡುಕುವುದೇ ಕಷ್ಟ. ಮೂಲವೇ ಬೀಜ, ಕತ್ತರಿಸಿದ ಚೂರೇ ಹೊಸ ಗಿಡ. ಆಚಾರ್ಯರು ಈ ಗಿಡವನ್ನು ಕಂಡವರಲ್ಲ. ಆದರೂ ಅವರು ಕೊಟ್ಟ ಅಳತೆಗೋಲು ಇದನ್ನು ಅಳೆಯುತ್ತದೆ. ಪಟ್ಟಿಗೂ ಲಕ್ಷಣಕ್ಕೂ ಇರುವ ಅಂತರವಿದೇ.

ಈಗ ಮೊದಲನೆಯ ಪ್ರಶ್ನೆ. ಚಿಟಿಕೆಯಷ್ಟು ತಿಂದರೇನೆಂಬುದು ಪೂರ್ವಪಕ್ಷ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂಲಂಗಿ, ಹಸಿಶುಂಠಿ ಮೊದಲಾದುವನ್ನು ಬಿಡಬೇಕೆನ್ನುವಾಗ ಕೊಟ್ಟ ಕಾರಣವು ಫಲವು ಅಲ್ಪ, ವಿಘಾತವು ಬಹು ಎಂಬುದು. ತಿನ್ನುವ ಪರಿಮಾಣವನ್ನು ಅವರು ಅಳೆಯಲಿಲ್ಲ. ಪಡೆದುದಕ್ಕೂ ಕೆಡಿಸಿದುದಕ್ಕೂ ಇರುವ ಪ್ರಮಾಣವನ್ನು ಅಳೆದರು. ಈ ಬೇರಿನಿಂದ ಹೊಟ್ಟೆ ತುಂಬುವುದಿಲ್ಲ, ಹಸಿವು ಹಿಂಗುವುದಿಲ್ಲ. ಬೇರೊಂದು ಆಹಾರಕ್ಕೆ ನಾಲಿಗೆಯನ್ನು ಕೆರಳಿಸುವುದಷ್ಟೇ ಇದರ ಕೆಲಸ. ಅದಕ್ಕಾಗಿ ಒಂದು ವರ್ಷ ಬೆಳೆದ ಬೇರನ್ನು, ಅದರ ಸುತ್ತಲಿನ ಮಣ್ಣನ್ನು, ಆ ಮಣ್ಣಿನ ಎರೆಹುಳು ಮೊದಲಾದ ತ್ರಸಜೀವಗಳನ್ನು ಕದಡಬೇಕು. ಚಿಟಿಕೆಯಷ್ಟೇ ಎಂಬ ಮಾತು ಇದನ್ನು ಸಮರ್ಥಿಸುವುದಿಲ್ಲ. ಫಲವು ಅಲ್ಪವೆಂಬುದನ್ನೇ ಮತ್ತೊಮ್ಮೆ ಸಾರುತ್ತದೆ.

ಶಾಸ್ತ್ರವು ಮೂಲಂಗಿಯನ್ನು ಹೆಸರಿಸಿದೆ, ಇದನ್ನು ಹೆಸರಿಸಿಲ್ಲವೆಂದು ಕೆಲವರು ಹೇಳಿಯಾರು. ಆ ಶ್ಲೋಕವು ಇವೇ ಮೊದಲಾದವು ಎಂಬ ಅರ್ಥದ ಪದದಿಂದ ಮುಗಿಯುವುದನ್ನು ಅವರು ಗಮನಿಸಬೇಕು. ಹೆಸರುಗಳು ಉದಾಹರಣೆಗಳು, ಕಾರಣವೇ ನಿಯಮ. ಇನ್ನು ಕೆಲವರು, ಒಣಶುಂಠಿಯನ್ನು ನಾವು ಬಳಸುವುದಿಲ್ಲವೇ, ಹಾಗೆಯೇ ಈ ಬೇರನ್ನು ಒಣಗಿಸಿ ಪುಡಿ ಮಾಡಿದರೆ ಆಗದೇ ಎಂದು ಕೇಳಿಯಾರು. ಇದು ಬುದ್ಧಿವಂತಿಕೆಯ ಪ್ರಶ್ನೆ. ಉತ್ತರಕ್ಕೆ ವ್ಯಾಕರಣವೇ ಸಹಾಯಕ್ಕೆ ಬರುತ್ತದೆ. ಆ ಶ್ಲೋಕದಲ್ಲಿ ಹಸಿಯಾದ ಎಂಬ ವಿಶೇಷಣವು ಬಹುವಚನದಲ್ಲಿದ್ದು, ಬಹುವಚನದಲ್ಲಿರುವ ಶುಂಠಿಗೆ ಅನ್ವಯಿಸುತ್ತದೆ. ಮೂಲಂಗಿಯ ಪದವು ಏಕವಚನದಲ್ಲಿದೆ, ಅದಕ್ಕೆ ವಿಶೇಷಣವಿಲ್ಲ. ಶುಂಠಿಗೆ ದೊರೆತ ಅವಕಾಶವು ಮೂಲಂಗಿಗೆ ದೊರೆತಿಲ್ಲ. ಇದಲ್ಲದೆ ಒಣಶುಂಠಿಯನ್ನು ನಮ್ಮ ಹಿರಿಯರು ಮನೆಯಲ್ಲಿಟ್ಟುದು ಮುಖ್ಯವಾಗಿ ಔಷಧವೆಂದು. ರೋಗವಿಲ್ಲದವನ ತಟ್ಟೆಯ ಅಂಚಿಗೆ ಬಡಿಸುವ ಖಾರಕ್ಕೆ ಆ ನೆಪವು ಸಲ್ಲದು. ಬೇಯಿಸಿ ಪ್ರಾಸುಕ ಮಾಡೋಣವೆಂದರೆ, ಬೇಯಿಸಿದ ಕೂಡಲೆ ಯಾವ ಗುಣಕ್ಕಾಗಿ ಅದನ್ನು ಅಗೆದರೋ ಆ ಗುಣವೇ ಇಲ್ಲವಾಗುತ್ತದೆ. ವಿನಿಗರಾದರೋ ಮದ್ಯವು ಮತ್ತಷ್ಟು ಹುಳಿತು ಆಗುವ ವಸ್ತು. ಅದರ ವಿಚಾರವನ್ನು ವ್ರತಿಗಳಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ.

ಈ ಸಂದರ್ಭದಲ್ಲಿ ನಮ್ಮ ಹಿತ್ತಿಲುಗಳಿಗೇ ಸಂಬಂಧಿಸಿದ ಒಂದು ಸಂಗತಿಯನ್ನು ನೆನೆಯಬಹುದು. ನುಗ್ಗೆಯ ಮರಕ್ಕೆ ಇಂಗ್ಲಿಷಿನಲ್ಲಿ ಹಾರ್ಸ್‌ರಾಡಿಷ್ ಮರವೆಂಬ ಹೆಸರುಂಟು. ಭಾರತಕ್ಕೆ ಬಂದ ಇಂಗ್ಲಿಷರು ತಮ್ಮ ದೇಶದ ಖಾರದ ಬೇರು ಇಲ್ಲಿ ದೊರೆಯದಿರಲು, ಅದರಂತೆಯೇ ಖಾರವಾದ ನುಗ್ಗೆಯ ಬೇರನ್ನು ತುರಿದು ಮಾಂಸದೊಡನೆ ತಿಂದರು. ಅದರಿಂದಲೇ ಆ ಹೆಸರು. ನಮ್ಮವರು ತಲೆತಲಾಂತರದಿಂದ ಅದೇ ಮರದ ಕಾಯನ್ನು ಹುಳಿಗೆ ಹಾಕಿದರು; ಬೇರಿನ ಕಡೆಗೆ ನೋಡಲಿಲ್ಲ. ಕಾಯನ್ನು ಕೊಯ್ದ ಮರವು ಮುಂದಿನ ವರ್ಷವೂ ಕಾಯಿ ಬಿಡುತ್ತದೆ. ಒಂದೇ ಮರಕ್ಕೆ ಒಬ್ಬರು ಬೇರಿನಿಂದ ಹೆಸರಿಟ್ಟರು, ಮತ್ತೊಬ್ಬರು ಕಾಯಿಂದ ಗುರುತಿಟ್ಟರು. ಮರದ ಯಾವ ಭಾಗದ ಮೇಲೆ ಕಣ್ಣು ಬೀಳುತ್ತದೆಂಬುದು ಕಣ್ಣಿನ ಸ್ವಭಾವವನ್ನು ತಿಳಿಸುತ್ತದೆ.

ಎರಡನೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಅಭಕ್ಷ್ಯವೆಂದು ತಿಳಿದ ಮೇಲೆ ಆ ಪಾತಿಯನ್ನೇ ಕಿತ್ತು ಹಾಕುವುದು ಧರ್ಮವಲ್ಲವೇ ಎಂದು ಶ್ರದ್ಧೆಯುಳ್ಳವರಿಗೆ ಮೊದಲು ತೋರುತ್ತದೆ. ಮನೆಯು ಶುದ್ಧವಾಯಿತೆಂಬ ತೃಪ್ತಿಯೂ ಅದರಿಂದ ದೊರೆಯಬಹುದು. ಆದರೆ ಈ ಗಿಡದ ಸ್ವಭಾವವನ್ನು ಮೇಲೆಯೇ ಹೇಳಿದೆ. ಒಮ್ಮೆ ಕಿತ್ತರೆ ಹೋಗುವುದಲ್ಲ. ಅಗೆದಷ್ಟೂ ಚೂರುಗಳು, ಚೂರುಗಳಿದ್ದಷ್ಟೂ ಚಿಗುರುಗಳು. ವರ್ಷವರ್ಷವೂ ಆ ನೆಲವನ್ನು ಹಾರೆಗುದ್ದಲಿಗಳಿಂದ ತೋಡುತ್ತಲೇ ಇರಬೇಕು. ಕಡೆಗೆ ಬೇಸತ್ತು ಕಳೆನಾಶಕ ವಿಷವನ್ನು ಸುರಿದರೆ, ಗಿಡದೊಡನೆ ಮಣ್ಣಿನ ಜೀವಗಳಿಗೂ ಕೇಡಾಗುತ್ತದೆ. ಒಂದು ಬೇರನ್ನು ತಿನ್ನದೆ ಉಳಿಸಬೇಕೆಂದು ಹೊರಟವನು ಸಾವಿರ ಚೂರುಗಳನ್ನು ಕೊಂದಂತಾಯಿತು.

ನಿಷ್ಪ್ರಯೋಜನವಾಗಿ ನೆಲವನ್ನು ಅಗೆಯುವುದೂ ವನಸ್ಪತಿಯನ್ನು ಕತ್ತರಿಸುವುದೂ ಪ್ರಮಾದಚರ್ಯೆಯೆಂಬ ಅನರ್ಥದಂಡವೆಂದು ಶ್ರಾವಕಾಚಾರವು ಹೇಳುತ್ತದೆ. ಈ ಅಗೆತಕ್ಕೆ ಪ್ರಯೋಜನವೇನು? ಆಹಾರವಲ್ಲ, ಮನೆ ಕಟ್ಟುವುದಲ್ಲ, ಯಾರ ರಕ್ಷಣೆಯೂ ಅಲ್ಲ. ತಿನ್ನಬಾರದ ವಸ್ತು ಕಣ್ಣಿಗೂ ಬೀಳಬಾರದೆಂಬ ಅಸಹನೆಯೊಂದೇ. ಅಸಹನೆಗೆ ಶಾಸ್ತ್ರದ ಹೆಸರು ದ್ವೇಷ. ರಾಗವನ್ನು ಬಿಡಲು ಹೊರಟವನು ದ್ವೇಷವನ್ನು ಹಿಡಿದು ಮನೆಗೆ ಬಂದರೆ ಲಾಭವೇನು? ರಾಗವೂ ದ್ವೇಷವೂ ಒಂದೇ ಕಷಾಯದ ಎರಡು ಮುಖಗಳು.

ಲೇಶ್ಯೆಗಳನ್ನು ವಿವರಿಸಲು ನಮ್ಮ ಶಾಸ್ತ್ರಗಳಲ್ಲಿ ಹೇಳುವ ಆರು ದಾರಿಹೋಕರ ದೃಷ್ಟಾಂತವನ್ನು ಎಲ್ಲರೂ ಬಲ್ಲರು. ಹಣ್ಣು ತುಂಬಿದ ಮರವನ್ನು ಕಂಡು ಒಬ್ಬನು ಬುಡಸಹಿತ ಕೀಳೋಣವೆಂದನು. ಒಬ್ಬನು ಕಾಂಡವನ್ನು, ಒಬ್ಬನು ಕೊಂಬೆಯನ್ನು, ಒಬ್ಬನು ರೆಂಬೆಯನ್ನು ಕಡಿಯೋಣವೆಂದನು. ಒಬ್ಬನು ಹಣ್ಣನ್ನಷ್ಟೇ ಕೀಳೋಣವೆಂದನು. ಆರನೆಯವನು ಉದುರಿದುದೇ ಸಾಕೆಂದನು. ಬುಡಸಹಿತ ಕೀಳುವವನಿಗೆ ಕೃಷ್ಣಲೇಶ್ಯೆ. ಅವನಿಗಾದರೂ ಹಣ್ಣಿನ ಆಸೆಯಿತ್ತು. ಹಣ್ಣೇ ಬೇಡವೆಂದು ವ್ರತ ತೊಟ್ಟು, ಮರವನ್ನು ಮಾತ್ರ ಬುಡಸಹಿತ ಕೀಳುವವನನ್ನು ಆರು ಮಂದಿಯಲ್ಲಿ ಎಲ್ಲಿ ನಿಲ್ಲಿಸೋಣ? ಬಿಡುವುದು ಬೇರೆ, ಕೀಳುವುದು ಬೇರೆ. ಬಿಡುವುದೆಂದರೆ ನನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು. ಕೀಳುವುದೆಂದರೆ ಅದೇ ಕೈಯನ್ನು ಮತ್ತೊಂದು ಕಾರಣದಿಂದ ಮುಂದಕ್ಕೆ ಚಾಚುವುದು. ಆದುದರಿಂದ ಆ ಪಾತಿಯು ಇದ್ದಂತೆ ಇರಲಿ. ಅದಕ್ಕೆ ಗೊಬ್ಬರ ಹಾಕುವುದೂ ಬೇಡ, ಹೊಸ ತುಂಡುಗಳನ್ನು ನೆಟ್ಟು ವಿಸ್ತರಿಸುವುದೂ ಬೇಡ, ಅದರೊಡನೆ ಯುದ್ಧವೂ ಬೇಡ.

ಹೀಗೆ ಬಿಟ್ಟಾಗಲೇ ವ್ರತವು ಸಾರ್ಥಕವಾಗುವುದು. ಯೋಗ್ಯವೂ ಕೈಗೆಟುಕುವಂಥದೂ ಆದ ವಿಷಯದಿಂದ ಸಂಕಲ್ಪಪೂರ್ವಕವಾಗಿ ಹಿಂದೆ ಸರಿಯುವುದೇ ವ್ರತವೆಂಬುದು ಸಮಂತಭದ್ರರ ಅಭಿಪ್ರಾಯ. ಹಾರ್ಸ್‌ರಾಡಿಷನ್ನು ಕಂಡೇ ಅರಿಯದ ನಮ್ಮ ಹಳ್ಳಿಯ ಶ್ರಾವಕನು ಅದನ್ನು ತಿಂದಿಲ್ಲವೆಂದು ಅವನಿಗೆ ಆ ತ್ಯಾಗದ ಪುಣ್ಯವನ್ನು ಕಟ್ಟಿಕೊಡಲಾಗದು. ಹಿತ್ತಿಲಿನಲ್ಲಿ ಅದು ಸೊಂಪಾಗಿ ಬೆಳೆದಿರಲು, ಮಕ್ಕಳು ಅದರ ಹೆಸರನ್ನೂ ಗುಣವನ್ನೂ ಬಲ್ಲವರಾಗಿರಲು, ಆದರೂ ನಮಗೆ ಬೇಡವೆಂದು ಇರಬಲ್ಲ ಮನೆಯಲ್ಲಿ ಆ ವ್ರತವು ಹುಟ್ಟುತ್ತದೆ. ಪಾತಿಯನ್ನು ಕಿತ್ತರೆ ವ್ರತಕ್ಕೆ ಇದ್ದ ಅವಕಾಶವನ್ನೇ ಕಿತ್ತಂತಾಗುವುದು.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದುದು. ಯೆಹೂದ್ಯರ ಪಾಸ್‌ಓವರ್ ಎಂಬ ಹಬ್ಬವು ಅವರ ಪೂರ್ವಿಕರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಹೊಂದಿದುದರ ಸ್ಮರಣೆ. ಆ ರಾತ್ರಿ ದಾಸ್ಯದ ಕಹಿಯನ್ನು ನೆನೆಯಲೆಂದು ಕಹಿಯಾದ ಸೊಪ್ಪನ್ನೋ ಬೇರನ್ನೋ ತಿನ್ನಬೇಕೆಂಬುದು ಅವರ ಧರ್ಮವಿಧಿ. ಯೂರೋಪಿನ ಉತ್ತರದ ಶೀತದೇಶಗಳಲ್ಲಿ ವಸಂತದ ಮೊದಲಿಗೆ ಹಸಿರು ಸೊಪ್ಪು ದೊರೆಯದಿದ್ದುದರಿಂದ ಅಲ್ಲಿಯವರು ಈ ಬೇರನ್ನು ಬಳಕೆಗೆ ತಂದರು. ನಾಲಿಗೆಯ ಸುಖಕ್ಕಾಗಿ ತಿನ್ನುವವರ ನಡುವೆ ಇವರು ಕಣ್ಣಲ್ಲಿ ನೀರು ಬರಲೆಂದೇ ತಿನ್ನುತ್ತಾರೆ. ಅದೇ ಬೇರನ್ನು ತಿನ್ನುವುದು ಅವರಿಗೆ ನಿಯಮ. ಬಿಡುವುದು ನಮಗೆ ನಿಯಮ.

ನೆಲ ಅಗೆಯುವ ಸಾಧನವನ್ನು ಇತರರಿಗೆ ಕೊಡುವುದೂ ಹಿಂಸಾದಾನವೆಂದು ಸಮಂತಭದ್ರರು ಎಣಿಸಿದ್ದಾರೆ. ಸಾಧನವನ್ನು ಕೊಡುವುದೇ ದೋಷವಾದರೆ ತಾನೇ ಅಗೆದು ಕೊಡುವುದು ಹೇಗೆ ಸರಿ? ಕೃತ, ಕಾರಿತ, ಅನುಮೋದನಗಳೆಂಬ ಮೂರೂ ದ್ವಾರಗಳು ಇಲ್ಲಿ ತೆರೆದಂತೆ ಕಾಣುತ್ತವೆ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು.

ಆದರೆ ಎರಡು ಮಾತುಗಳನ್ನು ವ್ಯತ್ಯಾಸಮಾಡಿ ನೋಡಬೇಕು. ಮೊದಲನೆಯದು, ಯಾವ ವ್ರತವನ್ನು ತೆಗೆದುಕೊಂಡಿದೆ ಎಂಬುದು. ಕಂದಮೂಲತ್ಯಾಗವು ಭೋಗೋಪಭೋಗಕ್ಕೆ ಹಾಕಿಕೊಂಡ ಪರಿಮಿತಿ. ಅದು ತಿನ್ನುವುದಕ್ಕೆ ಸಂಬಂಧಿಸಿದುದು. ಕೃಷಿ ಮೊದಲಾದ ಆರಂಭಗಳನ್ನೆಲ್ಲ ಬಿಡುವುದು ಎಂಟನೆಯ ಪ್ರತಿಮೆ. ಅಲ್ಲಿಗೆ ಏರದ ಗೃಹಸ್ಥನು ಆರಂಭೀ ಹಿಂಸೆಯಿಂದ, ಉದ್ಯೋಗೀ ಹಿಂಸೆಯಿಂದ ಪೂರ್ಣವಾಗಿ ಪಾರಾದವನಲ್ಲ. ಬೆಳಗಾವಿಯ ಕಡೆಯ ನಮ್ಮ ಒಕ್ಕಲು ಮನೆತನಗಳಲ್ಲಿ ಅರಿಶಿನವನ್ನು ಬೆಳೆದು ಮಾರುವವರಿದ್ದಾರೆ. ಅವರನ್ನು ಅಜೈನರೆಂದು ಯಾರೂ ಹೇಳುವುದಿಲ್ಲ. ಎರಡನೆಯದು, ದಾಕ್ಷಿಣ್ಯ. 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಹಿಂಸಾದಾನವನ್ನು ನಿಷೇಧಿಸುವಾಗ, ಅಡಿಗೆ ಮೊದಲಾದುದಕ್ಕಾಗಿ ಬೆಂಕಿಯಂಥ ವಸ್ತುಗಳನ್ನು ದಾಕ್ಷಿಣ್ಯದ ಸಂಬಂಧವಿಲ್ಲದವರಿಗೆ ಕೊಡಬಾರದೆಂದು ಹೇಳಿದ್ದಾರೆ. ಎಂದರೆ, ಕೊಟ್ಟು ತೆಗೆದುಕೊಂಡು ಬದುಕುವ ನೆರೆಹೊರೆಯವರ ನಡುವೆ ಅದಕ್ಕೆ ಅವಕಾಶವಿದೆ. ಶ್ರಾವಕನು ನೆರೆಯಿಲ್ಲದ ಕಾಡಿನಲ್ಲಿ ಬಾಳುವವನಲ್ಲವೆಂಬುದನ್ನು ಪಂಡಿತರು ಮರೆತಿರಲಿಲ್ಲ.

ಆದುದರಿಂದ ಈ ಲೇಖಕನ ಅಭಿಪ್ರಾಯವು ಹೀಗಿದೆ. ಶ್ರಾವಿಕೆಯು ಗುದ್ದಲಿಯನ್ನು ಮುಟ್ಟದೆ ಮಧ್ಯಸ್ಥರಾಗಿರಲಿ. ಆರಂಭತ್ಯಾಗವನ್ನು ಮಾಡದ ಮಗನು ಆ ವೃದ್ಧೆಗೆ ಬೇಕಾದ ಒಂದು ಬೇರನ್ನು ಯತ್ನಾಚಾರದಿಂದ ತೆಗೆದು ಕೊಟ್ಟರೆ ಅದು ಅನರ್ಥದಂಡವಲ್ಲ. ಅದಕ್ಕೆ ಪ್ರಯೋಜನವಿದೆ, ಮಿತಿಯಿದೆ, ದಾಕ್ಷಿಣ್ಯವಿದೆ. ಆರಂಭದ ದೋಷವು ಇಲ್ಲವೆಂದು ಹೇಳುವುದಿಲ್ಲ. ಗೃಹಸ್ಥನು ಹೊರುವ ದೋಷಗಳಲ್ಲಿ ಅದೊಂದು, ಪ್ರತಿಕ್ರಮಣದಲ್ಲಿ ನೆನೆಯತಕ್ಕುದು. ತೆಗೆಯುವಾಗ ಗಿಡವನ್ನು ಬುಡಸಹಿತ ಕೀಳಬೇಕಾಗಿಲ್ಲ. ಬದಿಯ ಮಣ್ಣನ್ನು ಮೆಲ್ಲಗೆ ಸರಿಸಿ, ಪಕ್ಕದ ಒಂದು ಬೇರನ್ನು ಮಾತ್ರ ಕತ್ತರಿಸಿಕೊಂಡು, ತಲೆಯನ್ನು ಹಾಗೆಯೇ ಬಿಟ್ಟು, ಹುಳುಗಳನ್ನು ನೋಡಿ, ಅದೇ ಮಣ್ಣನ್ನು ಮುಚ್ಚಿದರೆ ಗಿಡವು ಬದುಕುತ್ತದೆ. ಎರಡು ಬೇರು ಕೇಳದಿದ್ದರೆ ಎರಡು ಕೊಡುವುದು ಬೇಡ. ಮಾರಾಟಕ್ಕಾಗಲಿ ಹೊಗಳಿಕೆಗಾಗಲಿ ಬೆಳೆಸುವುದು ಬೇಡ. ಇಷ್ಟನ್ನೂ ಮಾಡಲು ಮನಸ್ಸು ಒಪ್ಪದಿದ್ದರೆ, ನಮ್ಮ ನಿಯಮವು ಹೀಗಿದೆಯಮ್ಮ ಎಂದು ಆ ವೃದ್ಧೆಗೆ ವಿನಯದಿಂದ ತಿಳಿಸಿ, ಬೇರೆ ಯಾರಾದರೂ ಬಂದು ತೆಗೆದುಕೊಳ್ಳಲು ಬಾಗಿಲನ್ನು ತೆರೆದಿಡಬಹುದು. ನಿಯಮವನ್ನು ಪಾಲಿಸುವವರಿಗೆ ನಿಯಮದ ಬೆಲೆ ತಿಳಿಯುತ್ತದೆ; ಅವರು ನೊಂದುಕೊಳ್ಳಲಾರರು. ನೋಯಿಸುವುದು ನಿರಾಕರಣೆಯಲ್ಲ, ಅದರೊಡನೆ ಬರುವ ತಿರಸ್ಕಾರ.

ತಿರಸ್ಕಾರಕ್ಕೆ ನಮಗೆ ಅಧಿಕಾರವೂ ಇಲ್ಲ. ಈ ಬೇರಿನಿಂದ ತೆಗೆದ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ರಕ್ತಪರೀಕ್ಷೆ ಮೊದಲಾದ ಅನೇಕ ಪರೀಕ್ಷೆಗಳಲ್ಲಿ ಪ್ರಯೋಗಶಾಲೆಗಳು ಬಳಸುತ್ತವೆ. ತಟ್ಟೆಯಲ್ಲಿ ಬಿಟ್ಟುದು ಆಸ್ಪತ್ರೆಯಲ್ಲಿ ನಮಗೆ ತಿಳಿಯದೆಯೇ ನಮ್ಮ ಉಪಕಾರಕ್ಕೆ ಬಂದಿರಬಹುದು. ಅದರಿಂದ ವ್ರತವು ಕೆಡುವುದಿಲ್ಲ. ಆದರೆ ನಾನು ಬಿಟ್ಟವನು, ಅವನು ತಿನ್ನುವವನು ಎಂಬ ಗರ್ವಕ್ಕೆ ಅವಕಾಶವಿಲ್ಲದಂತಾಗುತ್ತದೆ.

ಪರದೇಶದ ಹಿತ್ತಿಲಿನ ಮಾತು ನಮಗೇಕೆಂದು ಇಲ್ಲಿಯ ಗೃಹಿಣಿಯರು ಭಾವಿಸಬಾರದು. ವಾಸಾಬಿಯೆಂಬ ಹಸಿರು ಖಾರವನ್ನು ಲೇಪಿಸಿದ ಬಟಾಣಿಯ ಪೊಟ್ಟಣಗಳು ನಮ್ಮ ನಗರಗಳ ಅಂಗಡಿಗಳಲ್ಲಿಯೂ ದೊರೆಯುತ್ತವೆ. ವಾಸಾಬಿಯು ಜಪಾನಿನ ಬೇರೊಂದು ಗಿಡ. ಅದರ ಹೆಸರಿನಲ್ಲಿ ಹೊರದೇಶಗಳಲ್ಲಿ ಮಾರಾಟವಾಗುವುದರಲ್ಲಿ ಬಹುಪಾಲು ಇದೇ ಹಾರ್ಸ್‌ರಾಡಿಷಿಗೆ ಸಾಸಿವೆಯನ್ನೂ ಹಸಿರು ಬಣ್ಣವನ್ನೂ ಬೆರೆಸಿದುದು. ಪೊಟ್ಟಣದ ಮೇಲೆ ಸಸ್ಯಾಹಾರದ ಹಸಿರು ಗುರುತು ಇರುತ್ತದೆ. ಆ ಗುರುತು ಮಾಂಸವಿಲ್ಲವೆಂದು ಹೇಳುತ್ತದೆಯೇ ಹೊರತು ಬೇರಿಲ್ಲವೆಂದು ಹೇಳುವುದಿಲ್ಲ. ಒಳಗಿನ ವಸ್ತುಗಳ ಪಟ್ಟಿಯನ್ನು ಓದಿ ಕೊಳ್ಳುವುದೂ ಇಂದಿನ ಕಾಲದಲ್ಲಿ ವ್ರತದ ಒಂದು ಅಂಗವೇ ಆಗಿದೆ.

ಮಕ್ಕಳಿಗೆ ಹೆಸರುಗಳ ಪಟ್ಟಿಯನ್ನು ಕಲಿಸೋಣ. ಅದರೊಡನೆ ಲಕ್ಷಣವನ್ನೂ ಕಾರಣವನ್ನೂ ಕಲಿಸೋಣ. ಅವರು ಯಾವ ದೇಶಕ್ಕೆ ಹೋದರೂ ಅಲ್ಲಿಯ ಮಣ್ಣಿನಲ್ಲಿ ನಮ್ಮ ಹಿರಿಯರು ಕಾಣದ ಬೇರುಗಳಿರುತ್ತವೆ. ಯಾವುದನ್ನು ಬಿಡಬೇಕೆಂದು ತಿಳಿದಿದ್ದರೆ ಸಾಲದು. ಬಿಟ್ಟುದನ್ನು ದ್ವೇಷಿಸದೆ ಅದರ ಪಕ್ಕದಲ್ಲಿ ಬದುಕುವುದು ಹೇಗೆಂದೂ ತಿಳಿದಿರಬೇಕು. ಈ ವಿಷಯದಲ್ಲಿ ಭಿನ್ನಾಭಿಪ್ರಾಯವುಳ್ಳ ವಿದ್ವಾಂಸರು ಶಾಸ್ತ್ರಾಧಾರದೊಡನೆ ತಿಳಿಸಿದರೆ ವಾಚಕರಿಗೆ ಉಪಕಾರವಾದೀತು.